ನಿಮಗಿದು ಗೊತ್ತೆ? ಗೇಟು ಬೀಳದೆ ಸಿಗ್ನಲ್ ಹಸಿರಾಗದು!

ವಿಕಾರಾಬಾದ್–ಪರಳಿ ರೈಲು ಮಾರ್ಗ ಬೀದರ್, ಭಾಲ್ಕಿ ದಾಟಿ ಕಮಲನಗರದ ಮೂಲಕ ಉದಗೀರ್‌ನತ್ತ ಸಾಗುತ್ತದೆ. ಕಮಲನಗರ ಮೊದಲು ಔರಾದ್ ತಾಲ್ಲೂಕಿನಲ್ಲಿತ್ತು. ಔರಾದ್ ಪಟ್ಟಣಕ್ಕೆ ಮಾತ್ರ ಇನ್ನೂ ರೈಲು ಬಂದಿಲ್ಲ. 2017ರ ಅಕ್ಟೋಬರ್ 29ರಂದು ಬೀದರ್–ಕಲಬುರಗಿ ಮಾರ್ಗವೂ ಉದ್ಘಾಟನೆಗೊಂಡಿತು.

ಇಂಥ ಮಾರ್ಗಗಳು ರಸ್ತೆಯನ್ನು ದಾಟುವ ಕಡೆ, ರೈಲು ಕಾಣುವ ಮೊದಲೇ ಗೇಟು ಯಾಕೆ ಹಾಕುತ್ತಾರೆ ಎಂದು ಬೈಕ್ ಸವಾರರು ಗೊಣಗುವುದುಂಟು. ಇಂಟರ್‌ಲಾಕ್ ಇರುವ ಗೇಟಿನಲ್ಲಿ ಎರಡೂ ಕಡೆಯ ಕಂಬ ಕೆಳಗಿಳಿದು ಬೀಗ ಬಿದ್ದ ಮೇಲಷ್ಟೇ ರೈಲಿಗೆ ಹಸಿರು ದೀಪ ಕೊಡಲು ಸಾಧ್ಯ. ಹಸಿರು ಕೊಟ್ಟ ಮೇಲೆ ಗೇಟ್‌ಮನ್ ಮನಸ್ಸು ಮಾಡಿದರೂ ಗೇಟು ತೆರೆಯದು.

ಹಳಿಯ ಪಕ್ಕದ ಸಿಗ್ನಲ್ ಕಂಬದಲ್ಲಿ ಹಳದಿ ಬಿಲ್ಲೆಯ ಮೇಲೆ ಕಪ್ಪು ಬಣ್ಣದ ‘ಜಿ’ ಅಕ್ಷರ ಕಂಡರೆ ಅದು ಗೇಟ್ ಸಿಗ್ನಲ್. ಅದು ಕೆಂಪಾಗಿಯೇ ಉಳಿದರೆ ಲೋಕೊ ಪೈಲಟ್ ಹಗಲಿನಲ್ಲಿ 1 ನಿಮಿಷ, ರಾತ್ರಿ 2 ನಿಮಿಷ ಕಾಯುತ್ತಾರೆ. ಆಮೇಲೆ ಗೇಟಿನವರೆಗೆ ನಿಧಾನವಾಗಿ ಬಂದು, ಪರಿಸ್ಥಿತಿ ನೋಡಿಕೊಂಡು ಮುಂದುವರಿಯುತ್ತಾರೆ.

ಗೇಟಿಗೆ ಮುಂಚೆ ಸಿಗುವ ಹಳದಿ ಫಲಕದ ‘ಡಬ್ಲ್ಯೂ/ಎಲ್’ ಸೀಟಿ ಹೊಡೆಯಲು ಸೂಚನೆ.

ರೈಲು ಗೇಟು ದಾಟುವಾಗ ಗಮನಿಸಿ: ಕೊನೆಯ ಬೋಗಿಯ ಹಿಂಬದಿಯಲ್ಲಿ ದೊಡ್ಡ ‘ಎಕ್ಸ್’ ಗುರುತು, ಜೊತೆಗೆ ‘ಎಲ್‌ವಿ’ ಫಲಕ ಇರುತ್ತದೆ. ರಾತ್ರಿ ಕೆಂಪು ದೀಪ ಮಿನುಗುತ್ತದೆ. ಇವು ಕಂಡರೆ ರೈಲು ಪೂರ್ತಿಯಾಗಿ ಬಂದಿದೆ, ಬೋಗಿ ಕಳಚಿ ಹಿಂದೆ ಉಳಿದಿಲ್ಲ ಎಂದರ್ಥ.

ದೇಶದ ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಕಾವಲುರಹಿತ ಗೇಟುಗಳೆಲ್ಲ 2019ರ ಜನವರಿ ವೇಳೆಗೆ ಇಲ್ಲವಾದವು.

ಮುಚ್ಚಿದ ಗೇಟನ್ನು ನೀವೇ ತೆರೆದರೆ 1989ರ ರೈಲ್ವೆ ಕಾಯ್ದೆಯ 160ನೇ ಕಲಮಿನಡಿ 3 ವರ್ಷದವರೆಗೆ, ಮುರಿದರೆ 5 ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು.