ತೊಗಲಿನ ಕೈಚೀಲಕ್ಕೆ ಎರಡನೆಯ ಬಾಳು

ಬೆಂಗಳೂರಿನ ಚಿಕ್ಕಪೇಟೆಯ ಆಸುಪಾಸಿನಲ್ಲಿ ಭಾನುವಾರ ಬೆಳಗ್ಗೆ ನೆರೆಯುವ ಸಂಡೇ ಬಜಾರನ್ನು ಕಂಡವರಿಗೆ ಅದರ ವೈಭವವನ್ನು ಬಣ್ಣಿಸಬೇಕಾಗಿಲ್ಲ. ಅಂಗಡಿಗಳು ಮುಚ್ಚಿರುವ ಬೀದಿಯ ಎರಡೂ ಬದಿಗೆ ಟಾರ್ಪಾಲುಗಳನ್ನು ಹಾಸಿರುತ್ತಾರೆ. ನಿಂತುಹೋದ ಗಡಿಯಾರಗಳು, ಹಿಡಿ ಮುರಿದ ಇಕ್ಕಳಗಳು, ಯಾರ ಮನೆಯ ಅಟ್ಟದಿಂದಲೋ ಇಳಿದು ಬಂದ ಟ್ರಂಕುಗಳು ಅಲ್ಲಿ ಹೊಸ ಒಡೆಯನಿಗಾಗಿ ಕಾದು ಕುಳಿತಿರುತ್ತವೆ. ಅವುಗಳ ನಡುವೆ ಮಕಾಡೆ ಬಿದ್ದ ಒಂದು ಚರ್ಮದ ಕೈಚೀಲವೂ ಕಣ್ಣಿಗೆ ಬೀಳುವುದುಂಟು. ಬಣ್ಣ ಮಾಸಿದೆ; ಮೂಲೆಗಳು ಸವೆದಿವೆ; ಹಿತ್ತಾಳೆಯ ಕೊಂಡಿ ಹಸಿರುಗಟ್ಟಿದೆ. ಆದರೆ ಹೊಲಿಗೆ ಮಾತ್ರ ಗಟ್ಟಿಯಾಗಿದೆ. ಚೌಕಾಸಿ ಮಾಡಿ ಕೊಂಡವರು ಮನೆಗೆ ಬಂದೊಡನೆ ಏನು ಮಾಡುತ್ತಾರೆ? ಸಾಬೂನಿನ ನೀರಿನಲ್ಲಿ ಚೆನ್ನಾಗಿ ತಿಕ್ಕುತ್ತಾರೆ, ಕೊಬ್ಬರಿ ಎಣ್ಣೆ ಸವರುತ್ತಾರೆ, ಒಣಗಲೆಂದು ಬಿಸಿಲಿಗಿಡುತ್ತಾರೆ. ಮೂವತ್ತು ವರ್ಷ ಬಾಳಿದ ಚೀಲಕ್ಕೆ ಅದರ ಆಯುಷ್ಯದಲ್ಲೇ ಆಗದಿದ್ದ ಅಪಾಯ ಆ ಒಂದು ಮಧ್ಯಾಹ್ನದಲ್ಲಿ ಆಗಿಬಿಡುತ್ತದೆ.

ಕೊಂಡ ಚೀಲ ಹಾಳಾದರೆ ಹಣ ಹೋಯಿತೆಂದುಕೊಳ್ಳಬಹುದು. ಆದರೆ ಇಂಥ ಚೀಲಗಳು ಗುಜರಿ ಸಂತೆಯಲ್ಲಿ ಮಾತ್ರ ಇರುವುವೆಂದು ತಿಳಿಯಬಾರದು. ಎಷ್ಟೋ ಮನೆಗಳ ಬೀರುವಿನ ತಳದಲ್ಲಿ, ಹಳೆಯ ರೇಷ್ಮೆ ಸೀರೆಗಳ ಕೆಳಗೆ, ತಾಯಿಯದೋ ಅತ್ತೆಯದೋ ಒಂದು 'ವ್ಯಾನಿಟಿ ಬ್ಯಾಗು' ಮಲಗಿರುತ್ತದೆ. ಮಧ್ಯಮ ವರ್ಗದ ಹೆಣ್ಣುಮಕ್ಕಳು ಉಪಾಧ್ಯಾಯಿನಿಯರಾಗಿ, ಬೆರಳಚ್ಚುಗಾರ್ತಿಯರಾಗಿ, ಟೆಲಿಫೋನ್ ಆಪರೇಟರುಗಳಾಗಿ ಮೊದಲ ಬಾರಿಗೆ ಹೊಸ್ತಿಲು ದಾಟಿದ ಕಾಲದಲ್ಲಿ, ಆ ಚೀಲ ಅಲಂಕಾರದ ವಸ್ತು ಮಾತ್ರವಾಗಿರಲಿಲ್ಲ. ತನ್ನ ಸಂಬಳವನ್ನು ತಾನೇ ಹಿಡಿದು ಮನೆಗೆ ತರುವ ಹಕ್ಕಿನ ಗುರುತಾಗಿತ್ತು. ಅದರ ಒಳಜೇಬನ್ನು ತಡಕಿದರೆ ಒಂದು ಬಸ್ ಟಿಕೆಟು, ತುಕ್ಕು ಹಿಡಿದ ಪಿನ್ನು, ಕುಂಕುಮದ ಪುಡಿ ಇಂದಿಗೂ ಸಿಗಬಹುದು. ಅಂಥ ಚೀಲವನ್ನು ಕೆಡಿಸಿಕೊಂಡರೆ ಮತ್ತೊಂದನ್ನು ತರಲು ಯಾವ ಅಂಗಡಿಗೆ ಹೋಗುವುದು?

ಇದು ತೊಗಲೇ?

ಆದುದರಿಂದ ಮೊದಲು ಆಗಬೇಕಾದುದು ಶುಚಿಯಲ್ಲ, ಪರೀಕ್ಷೆ. ರೆಕ್ಸಿನ್ನು, ಪಾಲಿಯುರೆಥೇನ್ ಲೇಪಿಸಿದ ಬಟ್ಟೆ ಮುಂತಾದುವು ತೊಗಲಿನ ವೇಷವನ್ನು ಬಲು ಚೆನ್ನಾಗಿ ಕಟ್ಟುತ್ತವೆ. ಪಟ್ಟಿಯ ತುದಿಯಲ್ಲೋ ಒಳಗಿನ ಅಂಚಿನಲ್ಲೋ ಹಿಂಬದಿಯನ್ನು ನೋಡಿದರೆ ಗುಟ್ಟು ರಟ್ಟಾಗುತ್ತದೆ. ನೇಯ್ಗೆಯ ಎಳೆ ಕಂಡರೆ ಅದು ಬಟ್ಟೆ. ಒಂದಕ್ಕೊಂದು ಹೆಣೆದುಕೊಂಡ ನವಿರಾದ ನಾರು ಕಂಡರೆ ತೊಗಲು. ಪಾಲಿಯುರೆಥೇನ್ ಪದರವು ಗಾಳಿಯ ತೇವದಿಂದಲೇ ಕೆಲವು ವರ್ಷಗಳಲ್ಲಿ ಶಿಥಿಲವಾಗಿ ಹಪ್ಪಳದಂತೆ ಸುಲಿಯುತ್ತದೆ. ಅದಕ್ಕೆ ಯಾವ ಮದ್ದೂ ಇಲ್ಲ. ಸುಲಿಯುತ್ತಿರುವ ಚೀಲವನ್ನು, ಅದೆಷ್ಟೇ ಅಗ್ಗವಾಗಿರಲಿ, ಸಂತೆಯಲ್ಲೇ ಬಿಟ್ಟು ಬರುವುದು ಲೇಸು.

ತೊಗಲೆಂದು ನಿಶ್ಚಯವಾದ ಮೇಲೆ ಅದು ಯಾವ ಹದದ ತೊಗಲೆಂದು ತಿಳಿಯಬೇಕು. ಹಸಿ ಚರ್ಮವು ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳ ಹೆಣಿಗೆ. ಹಾಗೆಯೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಹಲಗೆಯಂತಾಗುತ್ತದೆ. ಕೊಳೆಯದಂತೆ, ಆದರೂ ಬಳುಕುವಂತೆ ಅದನ್ನು ಮಾರ್ಪಡಿಸುವ ವಿದ್ಯೆಯೇ ಹದ ಮಾಡುವುದು. ನಮ್ಮ ಬಯಲುಸೀಮೆಯ ದಾರಿಯ ಮಗ್ಗುಲಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡವಿದೆಯಲ್ಲ, ಅದನ್ನೇ ಆವರಿಕೆ ಎನ್ನುವುದೂ ಉಂಟು, ಅದರ ತೊಗಟೆ, ಜಾಲಿಯ ತೊಗಟೆ, ಅಳಲೆಕಾಯಿ ಇವುಗಳ ಒಗರಿನಲ್ಲಿ ವಾರಗಟ್ಟಲೆ ನೆನೆಸಿ ಹದ ಮಾಡುವುದು ಹಳೆಯ ಕ್ರಮ. ಅಥಣಿಯ ಕಡೆ ತಯಾರಾಗುವ, ಕೊಲ್ಹಾಪುರಿ ಎಂದು ಹೆಸರಾದ ಚಪ್ಪಲಿಗಳ ತೊಗಲು ಈ ಬಗೆಯದು. ಇನ್ನೊಂದು ಕ್ರಮ ಕ್ರೋಮಿಯಂ ಲವಣದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಉದ್ಯಮವಾಗಿ ಬೆಳೆದದ್ದು. ಅದನ್ನು 1903ರ ಸುಮಾರಿಗೆ ಮದರಾಸಿನಲ್ಲಿ ಪ್ರಯೋಗಕ್ಕೆ ತಂದವರು ಆಲ್ಫ್ರೆಡ್ ಚಾಟರ್ಟನ್, ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯನ್ನು ನೋಡಿಕೊಂಡವರು. ಅವರ ಲಕ್ಷ್ಯವಿದ್ದದ್ದು ಸೊಗಸುಗಾತಿಯರ ಕೈಚೀಲದ ಮೇಲಲ್ಲ. ಕಪಿಲೆ ಬಾವಿಯಿಂದ ನೀರೆತ್ತುವ ರೈತನ ತೊಗಲಿನ ಚೀಲ ಬೇಗ ಕೊಳೆಯದಿರಲಿ ಎಂಬುದರ ಮೇಲೆ! ಇಂದು ಜಗತ್ತಿನ ತೊಗಲಿನಲ್ಲಿ ಬಹುಪಾಲು ಕ್ರೋಮಿಯಂ ಹದದ್ದೇ.

ಕತ್ತರಿಸಿದ ಅಂಚಿನಲ್ಲಿ ತೊಗಲು ಕಂದಾಗಿದ್ದರೆ ಸಾಮಾನ್ಯವಾಗಿ ಅದು ತೊಗಟೆಯ ಹದ. ಬಣ್ಣವು ಒಳಗಿನವರೆಗೆ ಇಳಿಯದೆ, ನಡುವೆ ತಿಳಿಯಾದ ನೀಲಿಬೂದು ಛಾಯೆ ಕಂಡರೆ ಕ್ರೋಮಿಯಂ. ಇದಕ್ಕಿಂತಲೂ ಮುಖ್ಯವಾದ ಪರೀಕ್ಷೆ ಒಂದು ಹನಿ ನೀರಿನದು. ಚೀಲದ ತಳದಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಒಂದು ಹನಿಯನ್ನಿಟ್ಟು ನೋಡಬೇಕು. ಕೆಸುವಿನೆಲೆಯ ಮೇಲಿನಂತೆ ಹನಿ ಹಾಗೆಯೇ ನಿಂತರೆ ತೊಗಲಿನ ಮೇಲೆ ಬಣ್ಣದ ಲೇಪವಿದೆ. ಅದನ್ನು ಧೈರ್ಯವಾಗಿ ಒರೆಸಬಹುದು. ಹನಿ ಇಂಗಿ ಆ ಜಾಗ ಕಪ್ಪಾದರೆ ತೊಗಲು ಬರಿಮೈಯಲ್ಲಿದೆ. ನೀರು, ಎಣ್ಣೆ, ಬೆವರು, ಶಾಯಿ ಏನೇ ಬಿದ್ದರೂ ಕುಡಿದುಬಿಡುತ್ತದೆ. ಅದರ ಮೇಲೆ ಬಾಲ್ ಪೆನ್ನಿನ ಗೀರು ಬಿದ್ದಿದ್ದರೆ ಸ್ಪಿರಿಟು ಹಚ್ಚಿ ಉಜ್ಜುವ ಆಸೆಯನ್ನು ತಡೆದುಕೊಳ್ಳಬೇಕು. ಗೀರು ಹೋಗುವ ಬದಲು ಕೊಳವಾಗುತ್ತದೆ.

ನೀರು, ಬೂಷ್ಟು, ಎಣ್ಣೆ

ಶುಚಿ ಒಳಗಿನಿಂದ ಆರಂಭವಾಗಬೇಕು. ಅಸ್ತರನ್ನು ಹೊರಕ್ಕೆ ಎಳೆದು, ಮೂಲೆಯ ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ಕೊಡವಿ, ಅಡಿಕೆಪುಡಿ ಪೌಡರುಗಳ ಕಲೆಯಿದ್ದರೆ ಹಿಂಡಿದ ಬಟ್ಟೆಯಿಂದ ಒರೆಸಿ ಆರಬಿಡಬೇಕು. ಹೊರಮೈಗೆ ಮೊದಲು ಒಣ ಬಟ್ಟೆ, ಆಮೇಲೆ ಒದ್ದೆಮಾಡಿ ಚೆನ್ನಾಗಿ ಹಿಂಡಿದ ಬಿಳಿಯ ಹತ್ತಿಬಟ್ಟೆ. ಬಣ್ಣದ ಬಟ್ಟೆ ತನ್ನ ಬಣ್ಣವನ್ನು ಬಿಡಬಹುದು; ಬಿಳಿಯ ಬಟ್ಟೆಯಾದರೆ ತೊಗಲು ಬಣ್ಣ ಬಿಡುತ್ತಿದೆಯೆ ಎಂಬುದನ್ನೂ ತೋರಿಸುತ್ತದೆ. ಹದ ಮಾಡಿದ ತೊಗಲು ಸ್ವಭಾವತಃ ತುಸು ಆಮ್ಲೀಯ, ಬಟ್ಟೆ ಒಗೆಯುವ ಸಾಬೂನು ಕ್ಷಾರ. ಇವೆರಡಕ್ಕೂ ಸ್ನೇಹ ಸಲ್ಲದು. ಜಿಡ್ಡು ಬಿಡದಿದ್ದರೆ ಕುದುರೆಯ ಜೀನಿಗಾಗಿಯೇ ತಯಾರಾದ 'ಸ್ಯಾಡಲ್ ಸೋಪ್' ಎಂಬುದು ಸಿಗುತ್ತದೆ. ಅದರ ನೊರೆಯನ್ನು ಮಾತ್ರ ಬಳಸಿ ಬೇಗ ಒರೆಸಿ ತೆಗೆಯಬೇಕು. ಕಲೆಯಿರುವ ಕಡೆ ಮಾತ್ರ ಒದ್ದೆ ಮಾಡಿದರೆ ಒಣಗಿದ ಮೇಲೆ ಅಂಚು ಉಳಿಯುತ್ತದೆ. ಆದುದರಿಂದ ಹೊಲಿಗೆಯಿಂದ ಹೊಲಿಗೆಯವರೆಗೆ ಇಡೀ ಭಾಗವನ್ನು ಸಮನಾಗಿ ಒರೆಸುವುದು ಒಳ್ಳೆಯದು.

ಒಣಗಿಸುವಾಗ ಆತುರ ಸಲ್ಲದು. ತೊಗಟೆಯಲ್ಲಿ ಹದವಾದ ತೊಗಲು ಒದ್ದೆಯಾಗಿರುವಾಗ ಸುಮಾರು 70-80 ಡಿಗ್ರಿ ಸೆಂಟಿಗ್ರೇಡ್ ಶಾಖಕ್ಕೆ ಮುರುಟಿಕೊಳ್ಳುತ್ತದೆ. ಮುರುಟಿದ ನಾರು ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಬಿಸಿಲು ಅಷ್ಟು ಕಾಯದಿದ್ದರೂ ಬಣ್ಣವನ್ನೂ ಜಿಡ್ಡನ್ನೂ ಹೀರಿ ಬಿರುಸು ಮಾಡುತ್ತದೆ; ಕೂದಲು ಒಣಗಿಸುವ ಯಂತ್ರವನ್ನಂತೂ ಹತ್ತಿರ ತರಲೇಬಾರದು. ಹೊಟ್ಟೆಗೆ ಬಿಳಿ ಕಾಗದವನ್ನೋ ಹಳೆಯ ಪಂಚೆಯ ತುಂಡನ್ನೋ ತುರುಕಿ ನೆರಳಲ್ಲಿ ಎರಡು ದಿನ ಇಟ್ಟರೆ ಆಕಾರವೂ ಮರಳುತ್ತದೆ. ವೃತ್ತಪತ್ರಿಕೆ ಬೇಡ, ಅದರ ಮಸಿ ಅಸ್ತರಿಗೆ ಅಂಟುತ್ತದೆ.

ಮಲೆನಾಡಿನವರಿಗೂ ಕರಾವಳಿಯವರಿಗೂ ಬೂಷ್ಟಿನ ಪರಿಚಯ ಮಾಡಿಕೊಡುವುದು ಅಧಿಕಪ್ರಸಂಗವಾದೀತು. ಬೂಷ್ಟು ಹಿಡಿದ ಚೀಲವನ್ನು ಮನೆಯೊಳಗೆ ಕೊಡವದೆ ಅಂಗಳಕ್ಕೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒರೆಸಿ, ಗಾಳಿಗೆ ತೂಗಿಡಬೇಕು. ನುಸಿಗುಳಿಗೆ ಹುಳುವಿಗೇ ಹೊರತು ಬೂಷ್ಟಿಗಲ್ಲ. ತೇವವಿರುವ ತನಕ ಬೂಷ್ಟು ಮರಳಿ ಬರುತ್ತದೆ. ಹಳೆಯ ವಾಸನೆಗೆ ಅಡಿಗೆ ಸೋಡವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಚೀಲದೊಳಗಿಟ್ಟು ಒಂದು ವಾರ ಮುಚ್ಚಿಟ್ಟರೆ ಬಹುಮಟ್ಟಿಗೆ ಇಳಿಯುತ್ತದೆ. ಚೀಲವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡುವುದೆಂದರೆ ಬೂಷ್ಟಿಗೆ ಔತಣ ಕೊಟ್ಟಂತೆ. ಹಳೆಯ ದಿಂಬಿನ ಗವಸು ಸಾಕು.

ಇನ್ನು ಎಣ್ಣೆ. ಹದದ ಕೊನೆಯ ಹಂತದಲ್ಲಿ ತೊಗಲಿಗೆ ಜಿಡ್ಡು ಉಣ್ಣಿಸಿರುತ್ತಾರೆ. ನಾರು ನಾರಿನ ಮೇಲೆ ಜಾರುವುದು, ತೊಗಲು ಬಳುಕುವುದು ಅದರಿಂದಲೇ. ವರ್ಷಗಳು ಕಳೆದಂತೆ ಜಿಡ್ಡು ಆರಿ ನಾರುಗಳು ಒಂದನ್ನೊಂದು ಉಜ್ಜಿ ತುಂಡಾಗುತ್ತವೆ, ಬಿರುಕು ಬೀಳುತ್ತದೆ. ಆರಿದ್ದನ್ನು ತುಂಬಬೇಕೆಂಬ ಗೃಹಿಣಿಯ ತರ್ಕ ಸರಿಯೇ. ತಪ್ಪುವುದು ಎಣ್ಣೆಯ ಆಯ್ಕೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ಅಳತೆಯಲ್ಲಿ. ಕೊಬ್ಬರಿ ಎಣ್ಣೆ ತೊಗಲನ್ನು ಕಪ್ಪಾಗಿಸುತ್ತದೆ. ಚಳಿಗೆ ಹೆಪ್ಪುಗಟ್ಟಿ ಮೈಮೇಲೆ ಬೆಳ್ಳಗೆ ಒಸರುತ್ತದೆ. ಸೀರೆಗೆ ಕಲೆ ಮಾಡುತ್ತದೆ. ಅಗಸೆ ಎಣ್ಣೆ ಒಣಗಿ ಗಟ್ಟಿಯಾಗುವ ಜಾತಿಯದು, ಮರಕ್ಕೆ ಹಿತ, ತೊಗಲಿಗೆ ಅಹಿತ. ಮೆಟ್ಟಿಗೆ ಹರಳೆಣ್ಣೆ ಹಚ್ಚುವ ಹಳ್ಳಿಯ ರೂಢಿ ಮೆಟ್ಟಿಗೆ ಸರಿ; ಅದು ಸೀರೆಯ ಸೆರಗಿಗೆ ತಾಗುವ ವಸ್ತುವಲ್ಲವಷ್ಟೆ!

ಈ ವಿಷಯದಲ್ಲಿ ಎಡವಿದವರು ಗೃಹಿಣಿಯರು ಮಾತ್ರವಲ್ಲ. ಕುರಿಯ ಉಣ್ಣೆಯ ಜಿಡ್ಡಾದ ಲ್ಯಾನೊಲಿನ್, ಜೇನುಮೇಣ, ಸೀಡರ್ ಮರದ ಎಣ್ಣೆ ಸೇರಿಸಿದ 'ಬ್ರಿಟಿಷ್ ಮ್ಯೂಸಿಯಂ ಲೆದರ್ ಡ್ರೆಸ್ಸಿಂಗ್' ಎಂಬ ಲೇಪವನ್ನು ಇಪ್ಪತ್ತನೆಯ ಶತಮಾನದಲ್ಲಿ ದಶಕಗಳ ಕಾಲ ಗ್ರಂಥಾಲಯಗಳೂ ವಸ್ತುಸಂಗ್ರಹಾಲಯಗಳೂ ಅಮೃತವೆಂದೇ ನಂಬಿ ಹಚ್ಚಿದವು. ಕಾಲಕ್ರಮದಲ್ಲಿ ಹಲವೆಡೆ ತೊಗಲು ಅಂಟಂಟಾಯಿತು, ಧೂಳು ಹಿಡಿಯಿತು. ಈಗ ಸಂರಕ್ಷಣಾ ತಜ್ಞರು ಆ ಪದ್ಧತಿಯನ್ನು ಹೆಚ್ಚು ಕಡಮೆ ಕೈಬಿಟ್ಟಿದ್ದಾರೆ. ನಿತ್ಯ ಬಳಸುವ, ಬಳುಕಬೇಕಾದ ಚೀಲಕ್ಕೆ ಜಿಡ್ಡು ಬೇಕೇ ಬೇಕು. ಆದರೆ ತೊಗಲಿಗೆಂದೇ ಮಾಡಿದ ಬಣ್ಣವಿಲ್ಲದ ಕ್ರೀಮನ್ನು ಕಡಲೆಕಾಳಿನಷ್ಟು ಬಟ್ಟೆಗೆ ತೆಗೆದುಕೊಂಡು ತೆಳ್ಳಗೆ ಸವರಿ, ರಾತ್ರಿಯಿಡೀ ಬಿಟ್ಟು, ಮರುದಿನ ಉಳಿದುದನ್ನು ಒರೆಸಿ ತೆಗೆಯಬೇಕು. ವರ್ಷಕ್ಕೆ ಎರಡು ಬಾರಿ ಧಾರಾಳವಾಯಿತು.

ಕೆಂಪು ಪುಡಿ ಉದುರುವಾಗ

ಕೆಲವು ಹಳೆಯ ಚೀಲಗಳನ್ನು ಮುಟ್ಟಿದರೆ ಬೆರಳಿಗೆ ಇಟ್ಟಿಗೆಯ ಪುಡಿಯಂಥ ಧೂಳು ಹತ್ತುತ್ತದೆ. ಇದು ಕೊಳೆಯಲ್ಲ, ತೊಗಲೇ ಪುಡಿಯಾಗುತ್ತಿರುವುದು. ತೊಗಟೆಯಲ್ಲಿ ಹದವಾದ ತೊಗಲಿಗೆ ಮಾತ್ರ ತಗಲುವ ಈ ರೋಗದ ಮೂಲವನ್ನು 1843ರಷ್ಟು ಹಿಂದೆಯೇ ಹುಡುಕಿದವರು ಮೈಕೇಲ್ ಫ್ಯಾರಡೆ. ಲಂಡನ್ನಿನ ಅಥೀನಿಯಂ ಕ್ಲಬ್ಬಿನ ಗ್ರಂಥಾಲಯದಲ್ಲಿ ಪುಸ್ತಕಗಳ ರಟ್ಟು ಹಾಳಾಗಲು ಗ್ಯಾಸ್ ದೀಪದ ಗಂಧಕಾಂಶವೇ ಕಾರಣವೆಂದು ಅವರು ತರ್ಕಿಸಿದರು. ಪಟ್ಟಣದ ಹೊಗೆಯ ಗಂಧಕವು ತೊಗಲಿನಲ್ಲಿ ಆಮ್ಲವಾಗಿ ನಾರನ್ನು ತಿನ್ನುತ್ತದೆ. ಮುಂದೆ 1901ರಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ನೇಮಿಸಿದ್ದ ಸಮಿತಿಯ ವರದಿಯಲ್ಲಿ ತಂಗಡಿ ತೊಗಟೆಯಿಂದ ಹದವಾದ ಭಾರತದ ತೊಗಲು ಪುಸ್ತಕದ ರಟ್ಟಿಗೆ ತಕ್ಕುದಲ್ಲವೆಂಬ ತೀರ್ಪೂ ಬಂದಿತು. ತಂಗಡಿಯ ಒಗರಿಗಿಂತ ಅಳಲೆಕಾಯಿಯ ಒಗರು ಈ ರೋಗವನ್ನು ಚೆನ್ನಾಗಿ ತಡೆಯುತ್ತದೆ. ಕೆಂಪು ಪುಡಿ ಉದುರುವ ಚೀಲಕ್ಕೆ ನೀರು ತಾಗಿಸಿದರೆ ಕಪ್ಪಾಗಿ ಗಡುಸಾಗುತ್ತದೆ, ಎಣ್ಣೆ ಹಚ್ಚಿದರೆ ಕೆಸರಾಗುತ್ತದೆ. ತಜ್ಞರು ಸೆಲ್ಯುಲೋಸಿನಿಂದಾದ ಒಂದು ದ್ರವವನ್ನು ಹಚ್ಚಿ ಪುಡಿಯನ್ನು ಹಿಡಿದು ನಿಲ್ಲಿಸಬಲ್ಲರು. ಹೋದ ಬಲವನ್ನು ಅವರೂ ತಂದುಕೊಡಲಾರರು. ಅಂಥ ಚೀಲ ತಾಯಿಯದಾಗಿದ್ದರೆ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟು, ಆಗಾಗ ತೆಗೆದು ನೋಡಿ, ಮತ್ತೆ ಹಾಗೆಯೇ ಇಡುವುದು. ಹೆಗಲಿಗೆ ಹಾಕುವ ಆಸೆ ಬೇಡ.

ಬಣ್ಣದ ಮಾತು ಚಿಕ್ಕದು. ಬೂಟ್ ಪಾಲಿಷನ್ನು ಚೀಲಕ್ಕೆ ಹಚ್ಚಿದರೆ ಅದು ಚೀಲದಲ್ಲಿ ಉಳಿಯದೆ ಸೊಂಟದ ಸೀರೆಗೆ ಸೇರುತ್ತದೆ. ಉಗುರಿನ ಬಣ್ಣ ತೆಗೆಯುವ ದ್ರವ ತೊಗಲಿನ ಲೇಪವನ್ನೇ ಕರಗಿಸುತ್ತದೆ. ಸವೆದ ಮೂಲೆಗೆ ತೊಗಲಿನ ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಮುಟ್ಟಿಸಿದರೆ ಸಾಕು. ಇಡೀ ಚೀಲಕ್ಕೆ ಬಳಿದವರ ಚೀಲ ಹಬ್ಬದ ಎತ್ತಿನ ಕೊಂಬಿನಂತೆ ಕಾಣುತ್ತದೆ. ಹಿತ್ತಾಳೆಯ ಕೊಂಡಿಯ ಬುಡದಲ್ಲಿ ಹಸಿರು ಮೇಣದಂತೆ ಕಟ್ಟುವುದು ತಾಮ್ರವೂ ತೊಗಲಿನ ಜಿಡ್ಡೂ ಕೂಡಿ ಆದದ್ದು. ಹಲ್ಲುಕಡ್ಡಿಯಿಂದ ಕೆರೆದು ತೆಗೆಯಬಹುದು. ಹಿತ್ತಾಳೆಯೆಂದೊಡನೆ ಹುಣಸೆಹಣ್ಣಿಗೆ ಕೈ ಹಾಕಬಾರದು, ರಸ ತೊಗಲಿಗೆ ಇಳಿದರೆ ಕಲೆ ಶಾಶ್ವತ.

ಹೊಲಿಗೆ ಬಿಚ್ಚಿದ್ದರೆ, ಹಿಡಿ ಕಿತ್ತಿದ್ದರೆ ಮನೆಯ ಸೂಜಿಯಿಂದಾಗುವ ಕೆಲಸವಲ್ಲ. ಬೀದಿಯ ತಿರುವಿನಲ್ಲಿ ಕೊಡೆಯ ಕೆಳಗೆ ಕುಳಿತ ಚಮ್ಮಾರನಲ್ಲಿಗೆ ಹೋಗಬೇಕು. ಕಲ್ಯಾಣದಲ್ಲಿ ಬಸವಣ್ಣನವರು ಮರಳಿಸಿದ ಶರಣಾರ್ಥಿಯ ಭಾರ ತಾಳದೆ ಹರಳಯ್ಯನೂ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ಒಪ್ಪಿಸಿದರೆಂಬ ಕಥೆಯನ್ನು ಕೇಳಿ ಕಣ್ಣು ಒರೆಸಿಕೊಳ್ಳದ ಕನ್ನಡಿಗರಿಲ್ಲ. ಅದೇ ಕನ್ನಡಿಗರು ಸಾವಿರಾರು ರೂಪಾಯಿಯ ಚೀಲವನ್ನು ಹಿಡಿದು ನಿಂತು, ಅದನ್ನು ಉಳಿಸಬಲ್ಲ ಮನುಷ್ಯನೊಡನೆ ಹತ್ತು ರೂಪಾಯಿಗೆ ಜಗ್ಗಾಡುತ್ತಾರೆ. ಅಂಗಡಿಯ ಕ್ರೀಮಿನ ಡಬ್ಬಿಗೆ ಮುದ್ರಿತ ಬೆಲೆಯನ್ನು ಮರುಮಾತಿಲ್ಲದೆ ಕೊಡುವವರೂ ಇವರೇ. ತೊಗಲನ್ನು ಮುಟ್ಟಿದರೆ ಮೈಲಿಗೆಯೆನ್ನುತ್ತಿದ್ದ ಮನೆಗಳಲ್ಲಿ ಇಂದು ತೊಗಲಿನ ಚೀಲ ಊಟದ ಮೇಜಿನ ಮೇಲೆ ಕೂಡುತ್ತದೆ. ತೊಗಲನ್ನು ಬಲ್ಲವನು ಮಾತ್ರ ಇನ್ನೂ ಬೀದಿಯಲ್ಲೇ ಕುಳಿತಿದ್ದಾನೆ.

ಅವನಿಗೆ ಕೆಲಸ ಒಪ್ಪಿಸುವಾಗ ಎರಡು ಮಾತು ಹೇಳಿದರೆ ಸಾಕು. ಹೊಸ ತೂತು ಹೊಡೆಯದೆ ಹಳೆಯ ತೂತುಗಳಲ್ಲೇ ದಾರ ಹಾಯಿಸಲಿ. ತೂತು ಹೆಚ್ಚಿದಷ್ಟೂ ತೊಗಲು ಅಂಚೆಚೀಟಿಯ ಹಾಳೆಯಂತೆ ಹರಿಯಲು ಸಿದ್ಧವಾಗುತ್ತದೆ. ದಾರ ಮೇಣ ಹಚ್ಚಿದ್ದಾಗಿರಲಿ, ಯಂತ್ರಕ್ಕಿಂತ ಕೈಹೊಲಿಗೆಯಾಗಲಿ. ಕೈಹೊಲಿಗೆಯಲ್ಲಿ ಒಂದೇ ದಾರದ ಎರಡು ತುದಿಗಳು ಎರಡು ಸೂಜಿಗಳಿಂದ ಎದುರುಬದುರಾಗಿ ಪ್ರತಿ ತೂತನ್ನೂ ದಾಟುತ್ತವೆ. ಮುಂದೆ ಎಂದಾದರೂ ಒಂದು ಕಡೆ ದಾರ ಸವೆದು ತುಂಡಾದರೂ ಉಳಿದ ಸಾಲು ಬಿಚ್ಚಿಕೊಂಡು ಹೋಗುವುದಿಲ್ಲ.