ಎಕರೆಯ ಲೆಕ್ಕವೂ ನೀರಿನ ಲೆಕ್ಕವೂ

ಮುಂಗಾರು ಹಿಡಿದು ನಾಲೆಗಳಿಗೆ ನೀರು ಬಿಟ್ಟ ಮೇಲೆ ಮೈಸೂರು ಜಿಲ್ಲೆಯ ಸಾಲಿಗ್ರಾಮದ ಸುತ್ತಲಿನ ಬಯಲನ್ನು ನೋಡಿದವರಿಗೆ, ಕೃಷ್ಣರಾಜನಗರದ ಸೀಮೆಯನ್ನು ಭತ್ತದ ಕಣಜವೆಂದು ಏಕೆ ಕರೆಯುತ್ತಾರೆಂಬುದನ್ನು ಬೇರೆ ಹೇಳಬೇಕಾದುದಿಲ್ಲ. ಚುಂಚನಕಟ್ಟೆಯಲ್ಲಿ ಧುಮುಕಿ ಹರಿಯುವ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಅಣೆಗಳಿಂದ ಹೊರಟ ನಾಲೆಗಳು ಈ ಸೀಮೆಯ ಗದ್ದೆಗಳಿಗೆ ನೀರುಣಿಸುತ್ತವೆ. ಆದರೆ ನಾಲೆಯ ನೀರಾವರಿ ಇರುವ ಯಾವ ಸೀಮೆಯಲ್ಲಿಯೇ ಆಗಲಿ, ಒಂದು ವೈಚಿತ್ರ್ಯವನ್ನು ನಾವು ಕಾಣುತ್ತೇವೆ. ತೂಬಿನ ಬಳಿಯ ಗದ್ದೆಗಳಲ್ಲಿ ನೀರು ಬದುವನ್ನು ಮೀರಿ ಹರಿಯುತ್ತಿರುತ್ತದೆ. ನಾಲೆಯ ಕೊನೆಯಲ್ಲಿರುವ ರೈತನಾದರೋ ಬಿರುಕುಬಿಟ್ಟ ಗದ್ದೆಯ ಮುಂದೆ ನಿಂತು ನೀರುಗಂಟಿಯ ದಾರಿ ಕಾಯುತ್ತಿರುತ್ತಾನೆ.

ಇದಕ್ಕೆ ಮೇಲಿನ ರೈತನ ದುರಾಸೆಯೇ ಕಾರಣವೆಂದು ಹೇಳಿಬಿಡುವುದು ಸುಲಭ. ಅರ್ಥಶಾಸ್ತ್ರವು ಬೇರೊಂದು ಕಾರಣವನ್ನು ತೋರಿಸುತ್ತದೆ. ಅದನ್ನು ತಿಳಿಯಲು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಒಂದು ಎಕರೆಯ ಮೇಲೆ ಒಂದು ಅಂಗುಲ ನೀರು ನಿಂತರೆ ಅದು ಸುಮಾರು ಒಂದು ಲಕ್ಷ ಲೀಟರು. ನಾಟಿಯಿಂದ ಕಟಾವಿನವರೆಗೆ ಭತ್ತಕ್ಕೆ 48 ಅಂಗುಲ ನೀರು ಬೇಕೆಂದು ಇಟ್ಟುಕೊಂಡರೆ, ಎಕರೆಗೆ 48 ಲಕ್ಷ ಲೀಟರಿಗೂ ಹೆಚ್ಚಾಯಿತು. ಕರ್ನಾಟಕ ಸರ್ಕಾರವು 2000ದಲ್ಲಿ ಗೊತ್ತುಮಾಡಿದ ದರದಂತೆ ಭತ್ತಕ್ಕೆ ನೀರಿನ ಕರ ಎಕರೆಗೆ 100 ರೂಪಾಯಿ, ಕಬ್ಬಿಗೆ 400 ರೂಪಾಯಿ. ಭತ್ತದ ದರವನ್ನು ಭಾಗಿಸಿದರೆ ಸಾವಿರ ಲೀಟರಿಗೆ ಸುಮಾರು ಎರಡು ಪೈಸೆ!

ದರ ಇಷ್ಟು ಅಗ್ಗವೆಂಬುದೇ ದೋಷವೆಂದು ವಾಚಕರು ಭಾವಿಸಬಹುದು. ನಿಜವಾದ ದೋಷ ಇದಕ್ಕಿಂತ ಸೂಕ್ಷ್ಮವಾದುದು. ನೀರಿಲ್ಲದೆ ಬದುಕಿಲ್ಲ, ಆದರೂ ಅದು ಅಗ್ಗ. ವಜ್ರವಿಲ್ಲದೆ ಬದುಕಬಹುದು, ಆದರೂ ಅದು ದುಬಾರಿ. 1776ರಲ್ಲಿ ಆಡಮ್ ಸ್ಮಿತ್ ಎತ್ತಿದ ಈ ಒಗಟನ್ನು 1871ರಲ್ಲಿ ಜೆವನ್ಸ್ ಮತ್ತು ಮೆಂಗರ್ ಎಂಬ ಇಬ್ಬರು ವಿದ್ವಾಂಸರು ಬೇರೆ ಬೇರೆಯಾಗಿಯೇ ಬಿಡಿಸಿದರು. ವಸ್ತುವಿನ ಬೆಲೆಯನ್ನು ನಿರ್ಧರಿಸುವುದು ಅದರ ಒಟ್ಟು ಪ್ರಯೋಜನವಲ್ಲ, ಕೊನೆಯ ಒಂದು ಅಳತೆಯಿಂದ ದೊರೆಯುವ ಪ್ರಯೋಜನ. ಈ ಸೂತ್ರವನ್ನು ಗದ್ದೆಗೆ ಅನ್ವಯಿಸೋಣ. ಕರವು ಎಕರೆಯ ಮೇಲೆ ಇರುವುದರಿಂದ, ಮೇಲಿನ ರೈತ ಎರಡು ಅಂಗುಲ ನೀರನ್ನು ಹೆಚ್ಚಾಗಿ ಕಟ್ಟಿದರೂ ಒಂದು ಕಾಸೂ ಹೆಚ್ಚು ತೆರಬೇಕಿಲ್ಲ. ಆ ಎರಡು ಲಕ್ಷ ಲೀಟರು, ತಲೆಗೆ ದಿನಕ್ಕೆ 55 ಲೀಟರಿನಂತೆ, 3,600 ಜನರಿರುವ ಊರಿಗೆ ಒಂದು ದಿನದ ನೀರು. ಕೊನೆಯ ಗದ್ದೆಗೆ ಅದು ಬೆಳೆಯನ್ನೇ ಉಳಿಸಬಹುದು. ಆದರೆ ಮೇಲಿನವನ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ 2008ರಿಂದ ದೊರೆತ ಉಚಿತ ವಿದ್ಯುತ್ತಿಗೂ ಈ ಮಾತು ಸಲ್ಲುತ್ತದೆ.

ಭತ್ತಕ್ಕೆ ಸದಾ ನೀರು ನಿಂತಿರಲೇಬೇಕೆಂದಿಲ್ಲ. ಫಿಲಿಪೀನ್ಸ್ ದೇಶದಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು ಪ್ರಚಾರಕ್ಕೆ ತಂದ ಒಂದು ಕ್ರಮ ಉಂಟು. ರಂಧ್ರಗಳುಳ್ಳ ಕೊಳವೆಯೊಂದನ್ನು ಗದ್ದೆಯಲ್ಲಿ ಹೂಳುತ್ತಾರೆ. ಅದರೊಳಗಿನ ನೀರು ನೆಲಮಟ್ಟದಿಂದ ಅರ್ಧ ಅಡಿ ಕೆಳಗಿಳಿದಾಗ ಮಾತ್ರ ಮತ್ತೆ ನೀರು ಹಾಯಿಸುತ್ತಾರೆ. ಹೂ ಬಿಡುವ ಕಾಲದಲ್ಲಿ ಮಾತ್ರ ನೀರು ನಿಲ್ಲಿಸುತ್ತಾರೆ. ಇಳುವರಿ ಕುಗ್ಗದೆ ಹಾಯಿಸುವ ನೀರಿನಲ್ಲಿ ನೂರಕ್ಕೆ 30ರವರೆಗೆ ಉಳಿತಾಯವಾಗುವುದುಂಟು. ಗಾಳಿಯಾಡದ ಕೆಸರಿನಲ್ಲಿ ಹುಟ್ಟಿ ಭೂಮಿಯ ಬಿಸಿಯನ್ನು ಹೆಚ್ಚಿಸುವ ಮೀಥೇನ್ ಅನಿಲವೂ ಕಡಮೆಯಾಗುತ್ತದೆ.

ಹಾಗಿದ್ದರೂ ರೈತನು ನೀರನ್ನು ಏಕೆ ನಿಲ್ಲಿಸುತ್ತಾನೆ? ನಿಂತ ನೀರು ಕಳೆಯನ್ನು ತಡೆಯುತ್ತದೆ. ಮೇಲಾಗಿ, ಮುಂದಿನ ಸರದಿಯ ನೀರು ಹೇಳಿದ ದಿನಕ್ಕೆ ಬಂದೀತೆಂಬ ಭರವಸೆ ಅವನಿಗಿಲ್ಲ. ಗದ್ದೆಯಲ್ಲಿರುವ ನೀರು ಅವನ ವಿಮೆ. ಆ ವಿಮೆಗೆ ಕಂತೂ ಇಲ್ಲ. ಆದುದರಿಂದ ಅವನ ನಡತೆ ಅವಿವೇಕವಲ್ಲ, ಲೆಕ್ಕಾಚಾರವೇ.

ಎಕರೆಯ ಕರವನ್ನು ಹತ್ತು ಪಟ್ಟು ಏರಿಸಿದರೆ ಸಾಕೆ? ಸಾಲದು. ಬಡ ರೈತನ ಹೊರೆ ಹೆಚ್ಚುತ್ತದೆ; ಕೊನೆಯ ಅಂಗುಲವಂತೂ ಆಗಲೂ ಪುಕ್ಕಟೆಯೇ. ಬೇಕಾದುದು ಎರಡು: ನೀರಿನ ಅಳತೆ ಮತ್ತು ಸರದಿಯ ನಿಶ್ಚಯ. ಪ್ರತಿಯೊಂದು ಗದ್ದೆಗೂ ಮಾಪಕವಿಡುವುದು ಅಸಾಧ್ಯ. ಆದರೆ ಉಪನಾಲೆಯ ಮುಖದಲ್ಲಿ ನೀರನ್ನು ಅಳೆದು, ನೀರು ಬಳಕೆದಾರರ ಸಹಕಾರ ಸಂಘಕ್ಕೆ ಸಗಟಾಗಿ ಕೊಡಬಹುದು. 1965ರ ಕರ್ನಾಟಕ ನೀರಾವರಿ ಕಾಯಿದೆಗೆ 2000ದಲ್ಲಿ ತಂದ ತಿದ್ದುಪಡಿ ಇಂತಹ ಸಂಘಗಳಿಗೆ ಅವಕಾಶ ಮಾಡಿದೆ. ಆಗ ಮೇಲಿನವನು ಉಳಿಸಿದ ನೀರಿಗೆ ಸಂಘದ ಲೆಕ್ಕದಲ್ಲಿ ಒಂದು ಬೆಲೆ ಬರುತ್ತದೆ.

ಇಲ್ಲೊಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಗದ್ದೆಯಿಂದ ಬಸಿದ ನೀರೆಲ್ಲ ನಷ್ಟವಲ್ಲ. ಒಂದು ಪಾಲು ಹಳ್ಳಗಳ ಮೂಲಕ ಮತ್ತೆ ಕಾವೇರಿಯನ್ನು ಸೇರಿ ಕೆಳಗಿನ ಕೃಷ್ಣರಾಜಸಾಗರಕ್ಕೆ ಹೋಗುತ್ತದೆ. ಇನ್ನೊಂದು ಪಾಲು ಬಾವಿಗಳನ್ನು ತುಂಬುತ್ತದೆ. ಆದುದರಿಂದ ಹೊಲದಲ್ಲಿ ಉಳಿದಂತೆ ಕಾಣುವ ನೀರೆಲ್ಲ ನದಿಗೆ ಉಳಿತಾಯವಲ್ಲ. ಆದರೂ, ತಿಂಗಳು ಕಳೆದು ನದಿಗೆ ಮರಳಿದ ನೀರು ಇಂದು ಒಣಗುತ್ತಿರುವ ಕೊನೆಯ ಗದ್ದೆಗೆ ಒದಗಲಾರದು. 2023ರಂತೆ ಮಳೆ ಕೈಕೊಟ್ಟ ವರ್ಷದಲ್ಲಿ ಈ ಅಂತರ ಚೆನ್ನಾಗಿ ಅರಿವಾಗುತ್ತದೆ.

2018ರಲ್ಲಿ ಸುಪ್ರೀಂ ಕೋರ್ಟು ಕಾವೇರಿ ನೀರಿನಲ್ಲಿ ಕರ್ನಾಟಕದ ಪಾಲನ್ನು 284.75 ಟಿ.ಎಂ.ಸಿ. ಎಂದು ನಿರ್ಣಯಿಸಿತು. ರಾಜ್ಯ ರಾಜ್ಯಗಳ ನಡುವೆ ನೀರನ್ನು ದಶಮಾಂಶದವರೆಗೆ ಅಳೆಯುತ್ತೇವೆ. ನೆಲವನ್ನು ಗುಂಟೆಯವರೆಗೆ ಅಳೆದು ಪಹಣಿಯಲ್ಲಿ ಬರೆದಿಟ್ಟಿದ್ದೇವೆ. ತೂಬಿನಿಂದ ಗದ್ದೆಗೆ ಹರಿಯುವ ನೀರನ್ನು ಅಳೆಯುವ ಕೆಲಸ ಮಾತ್ರ ಉಳಿದಿದೆ. ನಾಲೆಯ ಕೊನೆಯ ರೈತನ ಬೆಳೆ ನಿಂತಿರುವುದು ಅದರ ಮೇಲೆಯೇ.