ಕಿಡ್ನಿ ಕಸಿ: ಕಾಯುತ್ತಾ ಕಳೆದುಕೊಳ್ಳುವ ಕಾಲ

‘ಹೇಗೂ ಡಯಾಲಿಸಿಸ್ ನಡೀತಿದೆಯಲ್ಲ, ಅದು ಆಗದೇ ಹೋದರೆ ಆಮೇಲೆ ಕಸಿ ನೋಡೋಣ.’ ಮೂತ್ರಪಿಂಡ ಕೈಕೊಟ್ಟವರ ಮನೆಗಳಲ್ಲಿ ಈ ಮಾತು ಸಹಜವಾಗಿ ಬರುತ್ತದೆ, ಯಾರೂ ಎದುರಾಡುವುದಿಲ್ಲ. ಕಸಿಯ ಬಗ್ಗೆ ಇರುವ ತಪ್ಪು ಕಲ್ಪನೆಗಳಲ್ಲಿ ಜೀವಕ್ಕೆ ಅತಿ ದುಬಾರಿಯಾದದ್ದು ಇದೇ ಎಂದು ನನಗನ್ನಿಸುತ್ತದೆ. ಹಗಲಿರುಳು ದುಡಿಯುವ ಕಿಡ್ನಿಯ ಕೆಲಸದಲ್ಲಿ ಸಣ್ಣ ಪಾಲನ್ನಷ್ಟೇ ಯಂತ್ರ ಮಾಡಬಲ್ಲದು. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಮಲಗಿ ರಕ್ತ ಶುದ್ಧಿ ಮಾಡಿಸಿಕೊಂಡರೂ ವರ್ಷ ಕಳೆದಂತೆ ಹೃದಯ, ರಕ್ತನಾಳ, ಮೂಳೆ ಸೊರಗುತ್ತಲೇ ಹೋಗುತ್ತವೆ. ಡಯಾಲಿಸಿಸ್‌ನಲ್ಲಿ ಕಳೆದ ಕಾಲ ಹೆಚ್ಚಿದಷ್ಟೂ ಮುಂದೆ ಕಸಿಯ ಫಲಿತಾಂಶವೂ ಕುಗ್ಗುತ್ತದೆ. ಹಾಗಾಗಿ ಮನೆಯಲ್ಲೇ ಒಪ್ಪುವ ದಾನಿ ಇದ್ದರೆ ಡಯಾಲಿಸಿಸ್ ಹಿಡಿಯುವ ಮೊದಲೇ ಕಸಿ ಮಾಡಿಸುವುದು ಒಳ್ಳೆಯದು ಎನ್ನುತ್ತಾರೆ ತಜ್ಞರು. ರಕ್ತಪರೀಕ್ಷೆಯ ಚೀಟಿಯಲ್ಲಿ, ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ತೋರಿಸುವ ಇಜಿಎಫ್‌ಆರ್ 20ಕ್ಕೆ ಇಳಿಯುತ್ತಿದ್ದಂತೆಯೇ ಈ ಮಾತು ಎತ್ತಬೇಕು. ಹತೋಟಿಗೆ ಬಾರದ ಸೋಂಕು, ಕ್ಯಾನ್ಸರ್, ತೀರಾ ದುರ್ಬಲ ಹೃದಯ ಇರುವವರಿಗೆ ಮಾತ್ರ ಡಯಾಲಿಸಿಸ್ಸೇ ಕ್ಷೇಮ.

ವಯಸ್ಸಾಯಿತೆಂದು ಸುಮ್ಮನಾಗುವವರೂ ಇದ್ದಾರೆ. ಮೃತ ದಾನಿಯ ಅಂಗಕ್ಕೆ ಹೆಸರು ಬರೆಸಲು ಇದ್ದ 65 ವರ್ಷದ ಮಿತಿಯನ್ನು ಕೇಂದ್ರ ಸರ್ಕಾರ 2023ರಲ್ಲಿ ತೆಗೆದುಹಾಕಿದೆ. ವಾಸಸ್ಥಳದ ಪ್ರಮಾಣಪತ್ರ ಕೇಳಬಾರದೆಂದೂ ರಾಜ್ಯಗಳಿಗೆ ಹೇಳಿದೆ. ಇನ್ನು, ಹಳೆಯ ಕಿಡ್ನಿ ಕಿತ್ತು ಅದೇ ಜಾಗಕ್ಕೆ ಹೊಸದನ್ನು ಇಡುತ್ತಾರೆಂಬುದೂ ನಿಜವಲ್ಲ. ಹಳೆಯವೆರಡೂ ಸಾಮಾನ್ಯವಾಗಿ ಇದ್ದಲ್ಲೇ ಇರುತ್ತವೆ, ಹೊಸದು ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ಕೂರುತ್ತದೆ.

‘ಕೊಟ್ಟವರು ಆಮೇಲೆ ಕೆಲಸಕ್ಕೆ ಬಾರದಂತಾಗುತ್ತಾರೆ’ ಎಂಬ ಅಂಜಿಕೆ ಹಳ್ಳಿ, ಪೇಟೆ ಎರಡರಲ್ಲೂ ಇದೆ. ಮೊದಲ ದಾನಿಯನ್ನೇ ನೋಡಿ. ಜಗತ್ತಿನ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆದದ್ದು 1954ರ ಡಿಸೆಂಬರ್‌ನಲ್ಲಿ, ಬಾಸ್ಟನ್‌ನಲ್ಲಿ. ಡಾ. ಜೋಸೆಫ್ ಮರ್ರೆ ತಂಡ ರೊನಾಲ್ಡ್ ಹೆರಿಕ್‌ನ ಕಿಡ್ನಿಯನ್ನು ಅವನ ಅವಳಿ ಸಹೋದರ ರಿಚರ್ಡ್‌ಗೆ ಇಟ್ಟಿತು. ಪಡೆದವನು ಎಂಟು ವರ್ಷ ಬದುಕಿದ, ಕೊಟ್ಟವನು ಒಂದೇ ಕಿಡ್ನಿಯಲ್ಲಿ 79ರವರೆಗೆ ಬಾಳಿದ. ಉಳಿದ ಕಿಡ್ನಿ ಹಿಗ್ಗಿ, ಮೊದಲು ಎರಡೂ ಸೇರಿ ಮಾಡುತ್ತಿದ್ದ ಕೆಲಸದ ಸುಮಾರು ಶೇ 70ರಷ್ಟನ್ನು ನಿಭಾಯಿಸುತ್ತದೆ. ಅಪಾಯ ಇಲ್ಲವೇ ಇಲ್ಲ ಎನ್ನಲಾಗದು. ಮುಂದೆ ಗರ್ಭಿಣಿಯಾಗುವವರಿಗೆ ರಕ್ತದೊತ್ತಡದ ತೊಂದರೆ ತುಸು ಹೆಚ್ಚು, ವರ್ಷಕ್ಕೊಮ್ಮೆ ತಪಾಸಣೆಯೂ ತಪ್ಪದು. ಆದರೆ ಈ ಅಂಜಿಕೆ ಗಂಡಸರಿಗೇ ಹೆಚ್ಚಾಗಿ ತಟ್ಟಿದಂತಿದೆ. ನಮ್ಮ ದೇಶದಲ್ಲಿ ಬದುಕಿದ್ದಾಗಲೇ ಅಂಗ ಕೊಡುವವರಲ್ಲಿ ತಾಯಂದಿರು, ಹೆಂಡತಿಯರು, ಅಕ್ಕತಂಗಿಯರೇ ಹೆಚ್ಚು. ಪಡೆಯುವವರ ಸಾಲಿನಲ್ಲಿ ಗಂಡಸರೇ ಹೆಚ್ಚು. ಇದಕ್ಕೆ ವೈದ್ಯಶಾಸ್ತ್ರದಲ್ಲಿ ಯಾವ ಸಮರ್ಥನೆಯೂ ಇಲ್ಲ.

ರಕ್ತದ ಗುಂಪು ಹೊಂದದಿದ್ದರೆ ಬಾಗಿಲು ಮುಚ್ಚಿತು ಎನ್ನುವಂತೆಯೂ ಇಲ್ಲ. ಒಂದು ಮನೆಯ ದಾನಿ ಇನ್ನೊಂದು ಮನೆಯ ರೋಗಿಗೆ, ಅವರ ದಾನಿ ಇವರ ರೋಗಿಗೆ ಕೊಡುವ ಅದಲುಬದಲು ಕಸಿಗೆ ಅಂಗಾಂಗ ಕಸಿ ಕಾಯ್ದೆಯ 2011ರ ತಿದ್ದುಪಡಿ ದಾರಿ ಮಾಡಿದೆ. ಅಜ್ಜ ಅಜ್ಜಿ, ಮೊಮ್ಮಕ್ಕಳು ಹತ್ತಿರದ ಸಂಬಂಧಿಗಳ ಪಟ್ಟಿಗೆ ಸೇರಿದ್ದೂ ಆಗಲೇ.

ಕೆಲವರಿಗೆ ಕಿಡ್ನಿಯ ಜೊತೆಗೇ, ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯನ್ನೂ ಕಸಿ ಮಾಡುತ್ತಾರೆ. ಈ ಕಸಿ ಅಂದ ಕೂಡಲೇ ‘ಹಾಗಾದರೆ ಶುಗರ್ ಇರುವವರೆಲ್ಲ ಮಾಡಿಸಿಕೊಳ್ಳಬಹುದಲ್ಲ?’ ಎಂಬ ಪ್ರಶ್ನೆ ಬರುತ್ತದೆ. ಇಲ್ಲ. ಇದು ಮುಖ್ಯವಾಗಿ, ಚಿಕ್ಕ ವಯಸ್ಸಿನಲ್ಲೇ ಶುರುವಾಗುವ ಟೈಪ್ 1 ಮಧುಮೇಹದಿಂದ ಕಿಡ್ನಿಯೂ ಹಾಳಾದವರಿಗೆ. ಲೆಕ್ಕಾಚಾರ ಹೀಗಿದೆ: ಪರರ ಅಂಗವನ್ನು ದೇಹ ತಿರಸ್ಕರಿಸದಂತೆ ಜೀವನಪೂರ್ತಿ ಮಾತ್ರೆ ಬೇಕು, ಆ ಮಾತ್ರೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಬರೀ ಇನ್ಸುಲಿನ್ ಸೂಜಿ ತಪ್ಪಿಸಲು ಅಷ್ಟು ಬೆಲೆ ತೆರುವುದು ಸಾಮಾನ್ಯವಾಗಿ ಸರಿಹೋಗದು. ಆದರೆ ಕಿಡ್ನಿಗಾಗಿ ಆ ಮಾತ್ರೆ ಹೇಗೂ ನುಂಗಲೇಬೇಕಾದವರಿಗೆ, ಅದೇ ದಾನಿಯ ಮೇದೋಜೀರಕವೂ ಸಿಕ್ಕರೆ ಇನ್ಸುಲಿನ್ನಿಂದಲೂ ಬಿಡುಗಡೆ, ಹೊಸ ಕಿಡ್ನಿಗೂ ಸಕ್ಕರೆಯ ಹೊಡೆತದಿಂದ ರಕ್ಷಣೆ. ಇಂಥ ಜೋಡಿ ಕಸಿ ಮೊದಲು ನಡೆದದ್ದು 1966ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ. ಗ್ರಂಥಿ ಬಲು ನಾಜೂಕು. ಹೊರತೆಗೆದ ಮೇಲೆ ಸುಮಾರು 12 ಗಂಟೆಯೊಳಗೆ ಕೂರಿಸಬೇಕು, ಕಿಡ್ನಿಯಾದರೆ ಇಡೀ ದಿನ ತಡೆಯುತ್ತದೆ. ದಾನಿಯ ಸಣ್ಣಕರುಳಿನ ತುಂಡೊಂದನ್ನೂ ಜೊತೆಗೇ ತಂದು ಜೋಡಿಸುತ್ತಾರೆ, ಗ್ರಂಥಿಯ ಜೀರ್ಣರಸ ಹರಿದುಹೋಗಲು ದಾರಿ ಬೇಕಲ್ಲ! ರಕ್ತನಾಳದಲ್ಲಿ ಹೆಪ್ಪುಗಟ್ಟುವ ಭಯವೂ ಕಿಡ್ನಿಗಿಂತ ಇದಕ್ಕೇ ಹೆಚ್ಚು. ನಮ್ಮಲ್ಲಿ ಈ ಕಸಿ ಅಪರೂಪವಾಗಿ ಉಳಿದಿರುವುದರಲ್ಲಿ ಅಚ್ಚರಿಯಿಲ್ಲ.

‘ಪಟ್ಟಿ ಗಿಟ್ಟಿ ಎಲ್ಲ ನೆಪ, ದುಡ್ಡಿದ್ದವರಿಗೆ ಸಿಗುತ್ತೆ.’ ಅರ್ಧ ಸತ್ಯ ಇದು. ಕರ್ನಾಟಕದಲ್ಲಿ ಮೃತ ದಾನಿಯ ಅಂಗ ಯಾರಿಗೆ ಎಂಬುದನ್ನು ಸರ್ಕಾರದ ‘ಜೀವಸಾರ್ಥಕತೆ’ ಸಂಸ್ಥೆ ನಿಯಮದ ಪ್ರಕಾರ ನಿರ್ಧರಿಸುತ್ತದೆ, ಅಂಗ ಮಾರುವುದೂ ಕೊಳ್ಳುವುದೂ 1994ರ ಕಾಯ್ದೆಯಡಿ ಅಪರಾಧ. ಆದರೆ ಪಟ್ಟಿಗೆ ಸೇರುವ ತನಕದ ದಾರಿಯಲ್ಲಿ ದುಡ್ಡಿನ ಮಾತು ಇದ್ದೇ ಇದೆ. ಕಸಿ ಕೇಂದ್ರಗಳಲ್ಲಿ ಬಹುಪಾಲು ಬೆಂಗಳೂರಿನಲ್ಲಿವೆ. ಬೀದರ್, ರಾಯಚೂರಿನವರು ಪರೀಕ್ಷೆಗೆಂದು ಪದೇ ಪದೇ ಓಡಾಡಬೇಕು. ಆಮೇಲೆ, ಅಂಗದ ತಿರಸ್ಕಾರ ತಡೆಯುವ ಟ್ಯಾಕ್ರೊಲಿಮಸ್‌ನಂಥ ಮಾತ್ರೆಗಳ ಖರ್ಚು ತಿಂಗಳು ತಿಂಗಳೂ ಬರುತ್ತದೆ. ‘ಆರಾಮಾಗಿದ್ದೇನಲ್ಲ’ ಎಂದೋ ದುಡ್ಡು ಸಾಲದೆಂದೋ ಮಾತ್ರೆ ಬಿಟ್ಟರೆ, ಚೆನ್ನಾಗಿ ನಡೆಯುತ್ತಿದ್ದ ಕಿಡ್ನಿಯೂ ಕೆಡಬಹುದು. ಬಡ ಕುಟುಂಬಗಳು ಶಸ್ತ್ರಚಿಕಿತ್ಸೆಗೆ ಮೊದಲೇ ಸರ್ಕಾರಿ ನೆರವಿನ ಬಗ್ಗೆ ಆಸ್ಪತ್ರೆಯ ಕಸಿ ಸಂಯೋಜಕರನ್ನು ಕೇಳಬೇಕು.

ಕೊನೆಯದು, ಸತ್ತ ಮೇಲೆ ಯಾರು ಬೇಕಾದರೂ ಕಿಡ್ನಿ ಕೊಡಬಹುದೆಂಬ ನಂಬಿಕೆ. 2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. ಅದೇ ವರ್ಷ ಜೂನ್‌ನಲ್ಲಿ ಅಪಘಾತದಿಂದ ಮಿದುಳು ನಿಷ್ಕ್ರಿಯವಾದ ನಟ ಸಂಚಾರಿ ವಿಜಯ್ ಅವರಿಂದ ಕಿಡ್ನಿಗಳೂ ದೊರೆತವು. ಹೃದಯ ನಿಂತ ಮೇಲೆ ಕೆಲವು ಗಂಟೆಗಳವರೆಗೆ ಕಣ್ಣು ತೆಗೆಯಬಹುದು, ಕಿಡ್ನಿ ಉಳಿಯಬೇಕಾದರೆ ಸಾಮಾನ್ಯವಾಗಿ ರಕ್ತ ಹರಿಯುತ್ತಿರಬೇಕು, ಮಿದುಳು ಸತ್ತವರಲ್ಲಿ ಯಂತ್ರದ ನೆರವಿನಿಂದ ಅದು ಸಾಧ್ಯ. ಮಿದುಳು ಸತ್ತಿದೆಯೆಂದು ನಾಲ್ವರು ವೈದ್ಯರು ಕನಿಷ್ಠ ಆರು ಗಂಟೆಯ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸುತ್ತಾರೆ, ಕಸಿ ಮಾಡುವ ವೈದ್ಯರು ಆ ತಂಡದಲ್ಲಿ ಇರುವಂತಿಲ್ಲ. ಜೇಬಿನಲ್ಲಿ ದಾನಿ ಕಾರ್ಡ್ ಇದ್ದರೂ ಆ ಹೊತ್ತಿಗೆ ಮನೆಯವರ ಒಪ್ಪಿಗೆ ಕೇಳುತ್ತಾರೆ. ಆದ್ದರಿಂದ ನಿಮ್ಮ ಇಚ್ಛೆಯನ್ನು ಕಾರ್ಡಿನಲ್ಲಿ ಬರೆದರೆ ಸಾಲದು, ಮನೆಯವರಿಗೂ ಈಗಲೇ ಹೇಳಿಡಿ.